ಏರಿಗೆ ಬೇಕಾದಷ್ಟು ಬಲ

ಕಾರು ಕೊಂಡ ಮೇಲೆ ಮೊದಲ ಸಲ ಗುಡ್ಡದ ಆ ಏರಿಗೆ ಹೋದಾಗ ಅದು ಲಾರಿಯ ಪಕ್ಕದಲ್ಲಿ ಸೋತಿತು.

ಹಳೆಯ ಡೀಸೆಲ್ ಕಾರು, ಹಿಂಬಾಗಿಲು ಮೇಲಕ್ಕೆ ತೆರೆಯುವ ಚಿಕ್ಕ ಜಾತಿಯದು. ನನಗಿಂತ ಮುಂಚೆ ಅದನ್ನು ಓಡಿಸುತ್ತಿದ್ದ ಕಣ್ಣಿನ ಡಾಕ್ಟರು ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ ಬಿಟ್ಟರೆ ಅದಕ್ಕೆ ಬೇರೆ ದಾರಿ ತೋರಿಸಿರಲಿಲ್ಲ. ಮುಂದೆ ಜಲ್ಲಿ ತುಂಬಿದ ಲಾರಿ ತೆವಳುತ್ತಿತ್ತು. ರಸ್ತೆ ನೇರವಾದ ಕಡೆ ಇಂಡಿಕೇಟರ್ ಹಾಕಿ ಹೊರಗೆ ಬಂದೆ, ಆಕ್ಸಿಲರೇಟರ್ ಪೆಡಲನ್ನು ತಳಕ್ಕೆ ಒತ್ತಿದೆ. ಕಾರು ಲಾರಿಯ ಹಿಂದಿನ ಚಕ್ರದ ತನಕ ಹೋಯಿತು. ಡ್ರೈವರಿನ ಬಾಗಿಲ ತನಕ ಹೋಗಲಿಲ್ಲ. ಎದುರಿನ ತಿರುವಿನಲ್ಲಿ ಬಸ್ಸಿನ ಮೂತಿ ಕಾಣಿಸಿತು. ಬ್ರೇಕ್ ಒತ್ತಿ ಮತ್ತೆ ಲಾರಿಯ ಬೆನ್ನಿಗೆ ಬಂದು ಸೇರಿಕೊಂಡೆ. ಬಸ್ಸಿನವನು ನನ್ನನ್ನು ದಾಟಿ ಹೋದ ಮೇಲೂ ಹಾರ್ನಿನಿಂದ ಕೈ ತೆಗೆಯಲಿಲ್ಲ.

ನನಗೆ ಹೆದರಿಕೆ ಆಗಲಿಲ್ಲ. ಕಳೆದ ವರ್ಷದಿಂದ ನನಗೆ ಏನೂ ಆಗುತ್ತಿರಲಿಲ್ಲ. ಬಿಸಿ ಪಾತ್ರೆ ಮುಟ್ಟಿದರೂ ಕೈ ತಡವಾಗಿ ಹಿಂದೆ ಬರುತ್ತಿತ್ತು. ಲೆಕ್ಕ ಮಾತ್ರ ತಲೆಯಲ್ಲಿ ನೆಟ್ಟಗೆ ನಡೆಯುತ್ತಿತ್ತು. ಈ ಕಾರಿಗೆ ಬಲ ಸಾಲದು, ಬಲ ಹಾಕಿಸಬೇಕು.

ನನ್ನ ಗಂಡ ಸತ್ತದ್ದು ಇದೇ ಏರಿನಲ್ಲಿ, ಹೀಗೇ ಒಂದು ಲಾರಿಯ ಪಕ್ಕದಲ್ಲಿ. ಆಗ ನಮಗಿದ್ದದ್ದು ಬೇರೆ ಕಾರು, ಇದಕ್ಕಿಂತ ಬಡಕಲು. ಅವರ ಹಿಂದೆ ಬರುತ್ತಿದ್ದ ಇನ್ನೊಂದು ಲಾರಿಯ ಡ್ರೈವರು ಆಸ್ಪತ್ರೆಯ ಕಾರಿಡಾರಿನಲ್ಲಿ ನನಗೂ ಅತ್ತೆಗೂ ಒಟ್ಟಿಗೇ ಹೇಳಿದ, "ತುಂಬಾ ಅವಸರದಲ್ಲಿದ್ರು ಅನ್ಸುತ್ತೆ. ಮುಂದಿನ ಗಾಡಿ ದಾಟೋಕೆ ಹೋದ್ರು. ಅರ್ಧ ದಾಟಿದ ಮೇಲೆ ಕಾರಿಗೆ ಉಸಿರೇ ಇರಲಿಲ್ಲ." ಆ ಮಾತಿನಲ್ಲಿ ಅವಸರವನ್ನು ಅತ್ತೆ ಇಟ್ಟುಕೊಂಡರು. ಉಸಿರನ್ನು ನಾನು ಇಟ್ಟುಕೊಂಡೆ. ಆಮೇಲೆ ಆ ವಿಷಯ ನಮ್ಮ ಮನೆಯಲ್ಲಿ ಏಳಲಿಲ್ಲ.

ಗುಡ್ಡದ ಆಚೆ ಒಂದು ಜಲಾಶಯವಿದೆ. ಅದರ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನನಗೆ ಕೆಲಸ ಸಿಕ್ಕಿತ್ತು. ರಸಾಯನಶಾಸ್ತ್ರ ಓದಿ ಮುಗಿಸಿದ ಮೇಲೆ ಸಿಕ್ಕಿದ ಮೊದಲ ಸರಿಯಾದ ಕೆಲಸ. ಬರುವ ಸೋಮವಾರ ಬೆಳಿಗ್ಗೆ ಸೇರಬೇಕು. ಸೇರದಿದ್ದರೆ ಆಯ್ಕೆಯಲ್ಲಿ ನನ್ನ ನಂತರ ಇದ್ದವರನ್ನು ಕರೆಯುತ್ತಾರೆ. ನೀರಿನ ಸ್ಯಾಂಪಲ್ಲುಗಳು ಎಂಟಕ್ಕೆ ಬರುತ್ತವೆ, ಬಸ್ಸು ಹತ್ತಕ್ಕೆ. ಏರಿನ ತುಂಬ ಕ್ವಾರಿಯ ಲಾರಿಗಳು ಸಾಲು ಕಟ್ಟಿರುತ್ತವೆ. ಒಂದೊಂದನ್ನೇ ದಾಟದಿದ್ದರೆ ಎಂಟಕ್ಕೆ ತಲುಪುವುದು ಕನಸು.

"ಅಲ್ಲೇ ಒಂದು ರೂಮು ಮಾಡ್ಕೊಂಡು ಇರು," ಎಂದಿದ್ದರು ಅತ್ತೆ.

"ನೀವು?"

"ನನಗೇನು ಕೈಯಿಲ್ವಾ ಕಾಲಿಲ್ವಾ? ಮೂರು ತಿಂಗಳಿಗೊಂದು ಸಲ ಬಂದು ಮುಖ ತೋರಿಸು ಸಾಕು."

"ನಾನು ದಿನಾ ಮನೆಗೆ ಬರ್ತೀನಿ ಅತ್ತೆ."

ಅವರು ಕೆಲಸಕ್ಕೆ ತಿರುಗಿದರು. ಸಂಜೆ ಅವರ ಹೊಲಿಗೆ ಮೆಷಿನ್ನಿನ ಶಬ್ದ ಕೇಳದ ಮನೆಯಲ್ಲಿ ನನಗೆ ನಿದ್ದೆ ಬರುವುದಿಲ್ಲ ಎಂದು ನಾನು ಹೇಳಲಿಲ್ಲ.

ಅತ್ತೆಯ ಕೆಲಸ ಹೊಲಿಗೆ. ಬಟ್ಟೆಯದಲ್ಲ. ಸ್ಕೂಟರಿನ ಸೀಟು, ಕಾರಿನ ಸೀಟು ಕವರು, ಸೋಫಾ. ಮನೆಯ ಮುಂದಿನ ಕೋಣೆ ಅವರದು. ಅಲ್ಲಿ ಎರಡಾಳು ಎತ್ತಬೇಕಾದ ಮೆಷಿನ್ನು, ರೆಕ್ಸಿನ್ನಿನ ಸುರುಳಿಗಳು, ಗೋಂದಿನ ವಾಸನೆ. ಮಗನಿಗೆ ಹಲ್ಲು ಬರುವ ಮೊದಲೇ ಗಂಡ ಮನೆ ಬಿಟ್ಟು ಹೋದವನು ತಿರುಗಿ ಬಂದಿರಲಿಲ್ಲ. ಆ ಮೆಷಿನ್ನಿನ ಮೇಲೆಯೇ ಮಗನನ್ನು ಓದಿಸಿದರು, ಮದುವೆ ಮಾಡಿದರು. ಕಾರು ಬೇಡವೇ ಬೇಡ ಎಂದವರು, ನಾನು ಅದನ್ನು ತಂದು ನಿಲ್ಲಿಸಿದ ದಿನ ಮಾತಿಲ್ಲದೆ ಒಂದು ಸುತ್ತು ಬಂದರು. ಬಾಗಿಲು ತೆರೆದು ಒಳಗೆ ಬಗ್ಗಿದರು.

"ಡಾಕ್ಟರು ಚಪ್ಪಲಿ ಸವೆಸಿದ್ದಾರೋ ಕಾರಿನ ನೆಲ ಸವೆಸಿದ್ದಾರೋ," ಎಂದು ಕೊರಳಲ್ಲಿದ್ದ ಟೇಪು ತೆಗೆದು ಅಳತೆ ಹಿಡಿದರು. ಎರಡು ದಿನದಲ್ಲಿ ಕಾರಿಗೆ ಹೊಸ ಕಾರ್ಪೆಟ್ ಬಂತು. ಬೂದು ಬಣ್ಣ, ಅಂಚಿಗೆ ಕಪ್ಪು ಪಟ್ಟಿ, ಜಾರದಂತೆ ಮೂಲೆಗಳಲ್ಲಿ ಒತ್ತುಗುಂಡಿ. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಬಸ್ಸಿನ ಮೂತಿ ಕಂಡದ್ದು ಅದಾದ ಮೇಲೆ ಬಂದ ಮಂಗಳವಾರ. ಬುಧವಾರ ಬೆಳಿಗ್ಗೆ ಸೈಲೆನ್ಸರನ ಗ್ಯಾರೇಜಿಗೆ ಹೋದೆ.

ಬಾಯಿ ಮುಚ್ಚದ ಮನುಷ್ಯನಿಗೆ ಊರವರು ಕೊಟ್ಟ ಹೆಸರು ಅದು. ಅವನು ಬೇಸರಿಸಿಕೊಳ್ಳದೆ ಬೋರ್ಡಿನ ಮೇಲೂ ಅದನ್ನೇ ಬರೆಸಿದ್ದ. ಟೈರ್ ಅಂಗಡಿಯ ಹಿಂದೆ ಉದ್ದನೆಯ ಶೆಡ್ಡು. ಗೋಡೆಯ ಮೇಲೆ ಅವನು ಗೆದ್ದ ರೇಸುಗಳ ಫೋಟೋ, ಅವುಗಳ ಅರ್ಧದಲ್ಲಿ ಅವನ ಮುಖವೇ ಕಾರಿಗಿಂತ ದೊಡ್ಡದು.

"ರೇಸಾ ಮೇಡಂ?" ಎಂದು ಕೇಳಿದ.

"ಅಲ್ಲ. ಏರಲ್ಲಿ ಲಾರಿ ದಾಟಬೇಕು."

"ಎಷ್ಟು ಲಾರಿ?"

"ಒಂದು ಸಲಕ್ಕೆ ಒಂದು."

"ಹಾಗಾದ್ರೆ ಆಗುತ್ತೆ." ಬಾನೆಟ್ ಎತ್ತಿದ. "ನೋಡಿ, ಡೀಸೆಲ್ ಗಾಡಿಗೆ ಬಲ ಹಾಕೋದು ಅಂದ್ರೆ ಜಾಸ್ತಿ ಗಾಳಿ, ಜಾಸ್ತಿ ಡೀಸೆಲ್. ಗಾಳಿ ಕೊಡದೆ ಬರೀ ಡೀಸೆಲ್ ಸುರಿದ್ರೆ ಹಿಂದಿನಿಂದ ಕಪ್ಪು ಹೊಗೆ. ಕೆಲವರು ಅದನ್ನ ನೋಡಿ ಮೀಸೆ ತಿರುವ್ತಾರೆ. ಅದು ಬಲ ಅಲ್ಲ, ದುಡ್ಡಿಗೆ ಬೆಂಕಿ."

"ಉರಿಯೋದಕ್ಕೆ ಎಷ್ಟು ಗಾಳಿ ಬೇಕು ಅಂತ ನಾನು ಓದಿದೀನಿ."

"ಒಳ್ಳೇದಾಯ್ತು. ಅರ್ಧ ಭಾಷಣ ಉಳೀತು," ಎಂದು ಪೂರ್ತಿ ಭಾಷಣ ಮಾಡಿದ.

ಕೆಲಸ ಮಾತ್ರ ಅಚ್ಚುಕಟ್ಟು. ಕಾರಿನ ಒಳಗೆ ಕೂರುವ ಮೊದಲು ಅತ್ತೆಯ ಕಾರ್ಪೆಟ್ಟಿನ ಗುಂಡಿ ಬಿಡಿಸಿ, ಮಡಿಸಿ, ಹಿಂದಿನ ಸೀಟಿನ ಮೇಲಿಟ್ಟ. ನೆಲಕ್ಕೆ ಹಳೆಯ ಪೇಪರು ಹಾಸಿದ. ಯಾರ ಗಾಡಿಯಾದರೂ ಅವನ ಪದ್ಧತಿ ಅದು. ಒಂದು ಸಲ ಗ್ರೀಸಿನ ಹೆಜ್ಜೆ ಮೂಡಿದ್ದಕ್ಕೆ ಒಬ್ಬ ಗಿರಾಕಿ ರಸ್ತೆಯಲ್ಲಿ ನಿಂತು ಮರ್ಯಾದೆ ತೆಗೆದಿದ್ದನಂತೆ.

"ಯಾರು ಹೊಲಿದದ್ದು ಇದು? ಇದರ ಮೇಲೆ ಚಪ್ಪಲಿ ಇಡೋಕೆ ಮನಸ್ಸು ಬರಲ್ಲ," ಎಂದ.

"ನಮ್ಮತ್ತೆ."

ಮೊದಲ ದಿನ ಬಲ ಹಾಕಲಿಲ್ಲ, ಇದ್ದ ಬಲ ಎಲ್ಲಿ ಹೋಗುತ್ತಿದೆ ಎಂದು ಹುಡುಕಿದ. ಟರ್ಬೊ ಊದಿದ ಗಾಳಿಯನ್ನು ಇಂಜಿನ್ನಿಗೆ ಮುಟ್ಟಿಸುವ ರಬ್ಬರು ಕೊಳವೆ ಅಡಿಭಾಗದಲ್ಲಿ ಸೀಳಿತ್ತು. ಅದನ್ನು ಬದಲಿಸಿದ. ಗಾಳಿ ಸೋಸುವ ಫಿಲ್ಟರು ಬದಲಿಸಿದ. ಗಾಳಿ ಒಳಗೆ ಹೋಗುವ ದಾರಿಯಲ್ಲಿ ಕಟ್ಟಿದ್ದ ಮಸಿಯನ್ನು ಕೆರೆದು ತೆಗೆದ. ಎರಡನೆಯ ದಿನ ಸ್ಟಿಯರಿಂಗಿನ ಕೆಳಗೆ ಕೇಬಲ್ ಚುಚ್ಚಿ ಲ್ಯಾಪ್‌ಟಾಪ್ ತೆರೆದ. ಯಾವ ವೇಗದಲ್ಲಿ ಎಷ್ಟು ಗಾಳಿ, ಎಷ್ಟು ಡೀಸೆಲ್ ಎಂಬ ಅಂಕಿಗಳೆಲ್ಲ ಕಾರಿನ ಕಂಪ್ಯೂಟರಿನಲ್ಲಿ ಇರುತ್ತವೆ. ಕಂಪನಿಯವರು ಕೊಟ್ಟ ಆ ಅಂಕಿಗಳನ್ನು ಒಂದೊಂದಾಗಿ ಏರಿಸುತ್ತ ಹೋದ. ನಾನು ಪಕ್ಕದ ಸೀಟಿನಲ್ಲಿ ಕೂತು ನೋಡಿದೆ.

"ಇನ್ನೂ ಸ್ವಲ್ಪ ಏರಿಸಿ," ಎಂದೆ.

"ಸಾಕು."

"ಟರ್ಬೊ ತಡೆಯುತ್ತೆ. ನೀವೇ ಹೇಳಿದಿರಿ."

"ಟರ್ಬೊ ತಡೆಯುತ್ತೆ, ಕ್ಲಚ್ ತಡೆಯಲ್ಲ. ಡಾಕ್ಟರ ಕಾಲದ ಕ್ಲಚ್ ಇದು. ಅದು ಜಾರಿದ್ರೆ ಇಂಜಿನ್ ಕೂಗುತ್ತೆ, ಗಾಡಿ ಹೋಗಲ್ಲ. ಲಾರಿ ಪಕ್ಕದಲ್ಲಿ ನಿಂತ್ಕೊಂಡು ಕೂಗಿದ್ರೆ ಏನು ಭಾಗ್ಯ?"

ಅದು ನನಗೆ ಅರ್ಥವಾಯಿತು.

ಬೈಪಾಸಿನಲ್ಲಿ ಅವನೇ ಓಡಿಸಿ ತೋರಿಸಿದ. ಮೂರನೆಯ ಗೇರಿನಲ್ಲಿ ಪೆಡಲ್ ಒತ್ತಿದಾಗ ನನ್ನ ಬೆನ್ನು ಸೀಟಿಗೆ ಅಂಟಿತು. ಹಿಂದೆ ಹೊಗೆ ಇಲ್ಲ, ಇಂಜಿನ್ನಿನಲ್ಲಿ ಅಪಸ್ವರ ಇಲ್ಲ. ಶೆಡ್ಡಿಗೆ ಬಂದು ಪೇಪರು ತೆಗೆದು, ಕಾರ್ಪೆಟ್ ಹಾಸಿ, ಗುಂಡಿಗಳನ್ನು ಒಂದೊಂದಾಗಿ ಒತ್ತಿ, ಕೀಲಿ ಕೈಗೆ ಕೊಟ್ಟ. ಬಿಚ್ಚಿದ್ದೆಲ್ಲ ಇದ್ದ ಹಾಗೆ ಕೂಡಿಸದೆ ಗಾಡಿ ಕೊಡುವವನಲ್ಲ ಅವನು.

ಶುಕ್ರವಾರ ಏರಿಗೆ ಹೋದೆ. ಕಾರು ಮೊದಲಿಗಿಂತ ವಾಸಿ. ಆದರೆ ಬೈಪಾಸಿನಲ್ಲಿ ಬೆನ್ನು ಸೀಟಿಗೆ ಅಂಟಿಸಿದ ಕಾರು ಇದಲ್ಲ. ಲಾರಿಯ ಹಿಂದೆ ಇದ್ದಾಗಲೇ ತಿಳಿಯಿತು, ಹೊರಗೆ ಬರಲಿಲ್ಲ. ತಿರುವಿನ ಹತ್ತಿರ ಜಾಗ ನೋಡಿ ಹಿಂದಿರುಗಿಸಿ ಗ್ಯಾರೇಜಿಗೆ ಬಂದೆ.

"ನಿಮ್ಮ ಕೈಯಲ್ಲಿ ಓಡುತ್ತೆ. ನನ್ನ ಕೈಯಲ್ಲಿ ಓಡಲ್ಲ."

ಸೈಲೆನ್ಸರ್ ಕಾರ್ಪೆಟ್ ತೆಗೆದ, ಪೇಪರು ಹಾಸಿದ, ಒಬ್ಬನೇ ಹೋಗಿ ಸುತ್ತಾಡಿ ಬಂದ. "ಚಿಗರೆ ಮೇಡಂ, ಚಿಗರೆ. ಏನೂ ಆಗಿಲ್ಲ. ಬೇಜಾರು ಮಾಡ್ಕೋಬೇಡಿ, ಒಂದು ಮಾತು ಹೇಳ್ತೀನಿ. ನಿಮ್ಮ ಕಾಲಿಗೆ ಧೈರ್ಯ ಸಾಲದು."

"ನಾನು ತಳದ ತನಕ ಒತ್ತಿದೀನಿ."

"ಎಲ್ಲರೂ ಹಾಗೇ ಅನ್ಕೊಂಡಿರ್ತಾರೆ. ಮನಸ್ಸು ಒತ್ತಿರುತ್ತೆ, ಕಾಲು ಒತ್ತಿರಲ್ಲ." ನನ್ನ ವಿಷಯ ಅವನಿಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಆ ಮಾತನ್ನು ಅವನು ಮೆತ್ತಗೆ ಹೇಳಿದ್ದು ಅದಕ್ಕೇ.

ಕಾರ್ಪೆಟ್ ಹಾಸಿ ಕೀಲಿ ಕೊಟ್ಟ.

ಮನೆಗೆ ಬಂದಾಗ ಅತ್ತೆ ಸ್ಕೂಟರಿನ ಸೀಟೊಂದಕ್ಕೆ ಹೊಸ ಸ್ಪಂಜು ಕೂಡಿಸುತ್ತಿದ್ದರು.

"ಏನಂತೆ ಅದಕ್ಕೆ?"

"ಬಲ ಬರ್ತಿಲ್ಲ."

"ಬರದಿದ್ರೆ ಬಿಡು. ಇರೋದ್ರಲ್ಲಿ ನಿಧಾನಕ್ಕೆ ಹೋಗು. ಲಾರಿ ಹಿಂದೆನೇ ಹೋದ್ರೆ ಯಾರ ಗಂಟು ಹೋಗುತ್ತೆ?"

"ನನ್ನ ಕೆಲಸ ಹೋಗುತ್ತೆ."

"ಅಲ್ಲೇ ಇದ್ದುಬಿಟ್ರೆ ಅದೂ ಹೋಗಲ್ಲ." ಸೂಜಿಯ ಕಣ್ಣಿಗೆ ದಾರ ಪೋಣಿಸುತ್ತ ಹೇಳಿದರು. ಕಣ್ಣು ನನ್ನ ಕಡೆ ಬರಲಿಲ್ಲ.

ಆ ರಾತ್ರಿ ನಾನು ಯೋಚಿಸಿದ್ದು ಇಷ್ಟೇ. ಅವನು ಒಂದು ಹೇಳುತ್ತಾನೆ, ನಾನು ಒಂದು ಹೇಳುತ್ತೇನೆ. ಕಾಲೇಜಿನ ಪ್ರಯೋಗಾಲಯದಲ್ಲಿ ಇಬ್ಬರು ಹೀಗೆ ವಾದಕ್ಕೆ ಬಿದ್ದರೆ ನಮ್ಮ ಪ್ರೊಫೆಸರು ಇಬ್ಬರ ಬಾಯನ್ನೂ ಮುಚ್ಚಿಸಿ, ಅಳೆಯಿರಿ ಎನ್ನುತ್ತಿದ್ದರು.

ಶನಿವಾರ ಗ್ಯಾರೇಜಿನ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಿದ್ದೆ.

"ನಾನು ಓಡಿಸುವಾಗ ಅಳತೆ ಬರ್ಕೊಳ್ಳೋ ಯಂತ್ರ ಇದೆಯಾ?"

"ಇದೆ. ಆದ್ರೆ ಮೇಡಂ..."

"ಹಾಕಿ ಕೊಡಿ."

"ಕಾಲಿಂದು ಅಂತ ನಿನ್ನೆನೇ..."

"ಕಾಲನ್ನೂ ಅಳೆಯುತ್ತಲ್ಲ?"

"ಅಳೆಯುತ್ತೆ. ಪೆಡಲ್ ಎಷ್ಟು ಒತ್ತಿದ್ರು ಅಂತನೂ ಬರುತ್ತೆ. ಆಮೇಲೆ ನನ್ನ ಮೇಲೆ ಸಿಟ್ಟು ಮಾಡ್ಕೋಬಾರದು."

"ಕಾಲಿಂದೇ ಆದ್ರೆ ಸೋಮವಾರದೊಳಗೆ ಕಾಲನ್ನ ಸರಿ ಮಾಡ್ಕೋತೀನಿ. ಹಾಕಿ."

ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವನ್ನು ಕೇಬಲ್ಲಿನ ಜಾಗಕ್ಕೆ ಚುಚ್ಚಿ ಕೊಟ್ಟ. ಏರಿಗೆ ಹೋದೆ. ಲಾರಿಗಳ ಮಧ್ಯೆ ಖಾಲಿ ರಸ್ತೆ ಸಿಗುವ ತನಕ ಬದಿಯಲ್ಲಿ ನಿಂತು ಕಾದೆ. ಸಿಕ್ಕಾಗ ಪೆಡಲನ್ನು ತಳಕ್ಕೆ ಒತ್ತಿ, ನೇರ ರಸ್ತೆ ಮುಗಿಯುವ ತನಕ ಕಾಲು ತೆಗೆಯಲಿಲ್ಲ. ಮೀನಖಂಡ ನೋಯುವಷ್ಟು ಒತ್ತಿದೆ. ಕೆಳಗೆ ಬಂದು ಇನ್ನೊಂದು ಸಲ ಹಾಗೇ ಮಾಡಿದೆ.

ಸೈಲೆನ್ಸರ್ ಯಂತ್ರ ಕಿತ್ತು ಲ್ಯಾಪ್‌ಟಾಪಿಗೆ ಹಾಕಿದ. ಪರದೆಯ ಮೇಲೆ ನನ್ನ ಕಾಲು ಹಸಿರು ಗೆರೆಯಾಗಿ ಕಾಣಿಸಿತು. ಅವನು ಬೆರಳಿಟ್ಟ. "ನೋಡಿ, ನಾನು ಹೇಳಲಿಲ್ವಾ. ನೂರಕ್ಕೆ ಅರವತ್ತೆಂಟು. ಅದಕ್ಕಿಂತ ಮೇಲೆ ಹೋಗೇ ಇಲ್ಲ."

ನಾನು ಗೆರೆ ನೋಡಿದೆ. ಬೆಟ್ಟದ ಹಾಗೆ ಏರಿ, ತುದಿಯಲ್ಲಿ ಮೇಜಿನ ಹಾಗೆ ಮಟ್ಟವಾಗಿತ್ತು. ಎರಡನೆಯ ಸಲದ್ದೂ ಹಾಗೇ, ಅಷ್ಟೇ ಎತ್ತರ.

"ಇದು ಕಾಲಲ್ಲ," ಎಂದೆ.

"ಮತ್ತೆ?"

"ಹೆದರಿ ಒತ್ತಿದ ಕಾಲು ನಡುಗುತ್ತೆ. ಒಂದು ಸಲ ಅರವತ್ತು, ಒಂದು ಸಲ ಎಪ್ಪತ್ತೈದು ಬರುತ್ತೆ. ಮನುಷ್ಯರ ಕಾಲು ಇಷ್ಟು ನೇರ ಗೆರೆ ಎಳೆಯಲ್ಲ. ಅಲ್ಲಿ ಏನೋ ಅಡ್ಡ ಇದೆ."

ಅವನು ಗೆರೆಯನ್ನು ನೋಡಿದ, ನನ್ನನ್ನು ನೋಡಿದ, ಎದ್ದು ಕಾರಿನ ಹತ್ತಿರ ಹೋದ. ಈ ಸಲ ಕಾರ್ಪೆಟ್ ತೆಗೆಯಲಿಲ್ಲ. ಮೊಣಕಾಲೂರಿ ಕೂತು ಪೆಡಲನ್ನು ಅಂಗೈಯಿಂದ ಒತ್ತಿದ. ಅದು ಕಾರ್ಪೆಟ್ಟಿಗೆ ತಾಗಿ ನಿಂತಿತು. ಕಾರ್ಪೆಟ್ಟಿನ ಮೂಲೆ ಎತ್ತಿ ಮತ್ತೆ ಒತ್ತಿದ. ಪೆಡಲ್ ಇನ್ನೂ ಒಂದು ಬೆರಳಿನಷ್ಟು ಕೆಳಗೆ ಹೋಯಿತು.

ಗುಂಡಿ ಬಿಡಿಸಿ ಕಾರ್ಪೆಟ್ಟನ್ನು ಹೊರಗೆ ತಂದು ಬೆಂಚಿನ ಮೇಲೆ ಮಗುಚಿ ಹಾಕಿದ. ಪೆಡಲಿನ ಜಾಗದಲ್ಲಿ, ಅಂಗೈ ಅಗಲ, ಅಡಿಗೆ ಒಂದು ದಪ್ಪನೆಯ ಮೆತ್ತೆ. ಚಪ್ಪಲಿಯ ಅಟ್ಟೆಗೆ ಹಾಕುವ ಗಟ್ಟಿ ರಬ್ಬರನ್ನು ಪದರ ಪದರವಾಗಿ ಇಟ್ಟು, ಮೇಲೆ ಬೂದು ಬಟ್ಟೆ ಮುಚ್ಚಿ, ಸುತ್ತ ಎರಡು ಸಾಲು ಹೊಲಿಗೆ ಹಾಕಿ, ದಾರದ ತುದಿಗಳನ್ನು ಒಳಗೆ ತಿರುಗಿಸಿ ಗಂಟು ಬಿಗಿದಿತ್ತು. ಬ್ರೇಕಿನ ಕೆಳಗೆ ಏನೂ ಇರಲಿಲ್ಲ. ಕ್ಲಚ್ಚಿನ ಕೆಳಗೂ ಇರಲಿಲ್ಲ.

ಸೈಲೆನ್ಸರ್ ಬೆಂಚಿನ ಮೇಲೆ ಬಗ್ಗಿದ. ಆಮೇಲೆ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿ, "ವೇಗ ತಡೆಯೋ ಗವರ್ನರ್ ಬೇಕಾದಷ್ಟು ನೋಡಿದೀನಿ ಮೇಡಂ. ಹೊಲಿದಿರೋ ಗವರ್ನರ್ ಇದೇ ಮೊದಲು," ಎಂದ. ನಗಲು ಹೋಗಿ ನಿಲ್ಲಿಸಿಕೊಂಡ. "ನಾನೊಬ್ಬ ದಡ್ಡ. ಪ್ರತಿ ಸಲ ನಾನೇ ತೆಗೆದು, ನಾನೇ ಹಾಸಿ ಕೊಟ್ಟಿದೀನಿ."

"ನೀವು ಓಡಿಸುವಾಗ ತೆಗೆಯದಿದ್ರೆ ವ್ಯತ್ಯಾಸ ಯಾವತ್ತೂ ಗೊತ್ತಾಗ್ತಿರಲಿಲ್ಲ."

ಅವನು ಬ್ಲೇಡು ತಂದ. "ಕತ್ತರಿಸಿಬಿಡಲಾ? ಅಮ್ಮಾವ್ರಿಗೆ ಗೊತ್ತೂ ಆಗಲ್ಲ."

"ಬೇಡ."

ಕತ್ತರಿಸಿದರೆ ಕಾರಿಗೆ ಸರಿಹೋಗುತ್ತಿತ್ತು. ಆದರೆ ಈ ಕಾರು ಇರುವುದೇ ನಾನು ಸಂಜೆ ಆ ಮನೆಗೆ ಹಿಂದಿರುಗಲಿ ಎಂದು. ಕಾರ್ಪೆಟ್ಟನ್ನು ಸುರುಳಿ ಸುತ್ತಿ ಪಕ್ಕದ ಸೀಟಿನ ಮೇಲಿಟ್ಟುಕೊಂಡು ಮನೆಗೆ ಬಂದೆ.

ಅತ್ತೆ ಮೆಷಿನ್ನಿನ ಮುಂದೆ ಇದ್ದರು. ಕಾರ್ಪೆಟ್ಟನ್ನು ಮೇಜಿನ ಮೇಲೆ ಅಡಿ ಮೇಲು ಮಾಡಿ ಹರಡಿದೆ. ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದರು.

"ಸಿಕ್ತಾ," ಎಂದರು.

"ಸಿಕ್ತು."

"ಅವನಿಗೆ ಸಿಕ್ತಾ, ನಿನಗಾ?"

"ಇಬ್ಬರಿಗೂ."

"ಹೊಲಿಗೆ ಬಿಟ್ಟುಕೊಂಡಿತ್ತಾ?"

"ಇಲ್ಲ. ಗಟ್ಟಿಯಾಗಿದೆ."

ಅವರು ತಲೆ ಆಡಿಸಿದರು. ಅಷ್ಟರ ಮಟ್ಟಿಗೆ ಅವರಿಗೆ ಸಮಾಧಾನವಾದ ಹಾಗಿತ್ತು.

"ಯಾಕೆ ಅತ್ತೆ?"

"ಯಾಕೆ ಅಂತ ನನ್ನ ಕೇಳ್ತೀಯಲ್ಲ. ಕಾರು ಬೇಡ ಅಂದೆ, ನೀನು ತಂದೆ. ಅಲ್ಲೇ ಇರು ಅಂದೆ, ನೀನು ಆಗಲ್ಲ ಅಂದೆ. ಬಾಯಲ್ಲಿ ಹೇಳೋದೆಲ್ಲ ಮುಗೀತು. ಉಳಿದದ್ದು ಕೈ, ಕೈಯಲ್ಲಿ ಏನು ಬರುತ್ತೋ ಅದನ್ನ ಮಾಡಿದೆ." ತೊಡೆಯ ಮೇಲಿನ ದಾರದ ಚೂರುಗಳನ್ನು ಕೊಡವಿದರು. "ಅವನು ಜೋರಾಗಿ ಹೋಗಿ ಸತ್ತ. ನಿನಗೆ ಜೋರಾಗಿ ಹೋಗೋಕೆ ಆಗಬಾರದು. ಅಷ್ಟೇ ಕಣೇ. ಇದರಲ್ಲಿ ಬೇರೆ ಏನೂ ಇಲ್ಲ."

ನಾನು ಸ್ಟೂಲು ಎಳೆದುಕೊಂಡು ಅವರ ಎದುರು ಕೂತೆ. ಮೇಜಿನ ಮೇಲೆ ರೆಕ್ಸಿನ್ ಕತ್ತರಿಸುವ ದೊಡ್ಡ ಕತ್ತರಿ ಇತ್ತು. ಅದನ್ನು ಉದ್ದಕ್ಕೆ ಇಟ್ಟೆ. ದಾರದ ಉಂಡೆಯೊಂದನ್ನು ಅದರ ಹಿಂದೆ ಇಟ್ಟೆ.

"ಇದು ಲಾರಿ. ಇದು ನಾನು. ಈಗ ಹೊರಗೆ ಬಂದೆ." ಉಂಡೆಯನ್ನು ಕತ್ತರಿಯ ಪಕ್ಕಕ್ಕೆ ತಂದೆ. "ಇಲ್ಲಿ ತನಕ ಬಂದೆ. ಪೆಡಲಲ್ಲಿ ಇನ್ನೂ ಇದೆ ಅಂದ್ಕೊಂಡು ಒತ್ತಿದೆ. ಇರಲಿಲ್ಲ. ಇಲ್ಲೇ ನಿಂತುಬಿಟ್ಟೆ, ಲಾರಿ ಪಕ್ಕದಲ್ಲಿ." ಗುರುತು ಹಾಕುವ ಸೀಮೆಸುಣ್ಣವನ್ನು ಎದುರಿನಿಂದ ತಂದು ಉಂಡೆಯ ಮುಂದೆ ಇಟ್ಟೆ. "ಬಸ್ಸು ಬಂತು."

"ಇದು ಯಾವಾಗ?"

"ಮಂಗಳವಾರ."

"ಈ ಮಂಗಳವಾರನಾ?"

"ಹೂಂ."

ಅತ್ತೆ ಮೇಜನ್ನೇ ನೋಡುತ್ತ ಕೂತರು. ಅವರ ಎರಡು ಕೈಯೂ ಮೆತ್ತೆಯ ಮೇಲಿದ್ದವು.

"ನೀನು ಹೇಳಲೇ ಇಲ್ಲ."

"ಕಾರಿಗೆ ಬಲ ಸಾಲದು ಅಂದ್ಕೊಂಡೆ. ಅವರಿಗೂ ಹಾಗೇ ಆದದ್ದು ಅತ್ತೆ. ಜೋರಾಗಿ ಹೋಗಿದ್ದಕ್ಕಲ್ಲ. ಇಲ್ಲಿ, ಅರ್ಧದಲ್ಲಿ, ಹೋಗೋಕೆ ಆಗದೇ ಇದ್ದಿದ್ದಕ್ಕೆ."

ಅವರು ಉಂಡೆಯನ್ನು ಬೆರಳಿನಿಂದ ಹಿಂದಕ್ಕೆ ಸರಿಸಿ ಕತ್ತರಿಯ ಹಿಂದೆ ನಿಲ್ಲಿಸಿದರು. ಬೆರಳು ತೆಗೆಯಲಿಲ್ಲ. "ಇಲ್ಲೇ ಇದ್ದಿದ್ರೆ?"

"ಇಲ್ಲೇ ಇದ್ದಿದ್ರೆ ಇರ್ತಿದ್ರು."

"ಮತ್ತೆ?"

"ಮತ್ತೆ ಏನಿಲ್ಲ. ಅದೂ ನಿಜ."

ಹೊರಗೆ ಯಾರೋ ಸ್ಕೂಟರಿನ ಸೀಟು ಆಯಿತೇ ಎಂದು ಕೇಳಿದರು. ನಾಳಿದ್ದು ಬನ್ನಿ ಎಂದು ಅತ್ತೆ ಕೂತಲ್ಲಿಂದಲೇ ಹೇಳಿದರು. ನಾನು ಮೆತ್ತೆಯನ್ನು ಕೀಳಲು ಕೈ ಹಾಕಿದೆ.

"ಎಳೀಬೇಡ. ಕಾರ್ಪೆಟ್ ಹರಿಯುತ್ತೆ." ಡ್ರಾಯರಿನಿಂದ ಅರ್ಧ ಬ್ಲೇಡು ತೆಗೆದು ಹೊಲಿಗೆಯ ಕೆಳಗೆ ತೂರಿಸಿದರು. ಎರಡು ಸಾಲನ್ನೂ ಬಿಚ್ಚಿದರು. ರಬ್ಬರಿನ ಪದರಗಳು ಒಂದೊಂದಾಗಿ ಹೊರಗೆ ಬಂದವು. ಅವನ್ನು ಚಿಂದಿಯ ಬುಟ್ಟಿಗೆ ಹಾಕದೆ ಕಪಾಟಿನಲ್ಲಿಟ್ಟರು. ಒಳ್ಳೆಯ ಸಾಮಾನು ಬಿಸಾಡುವವರಲ್ಲ.

"ನಾಳೆ ನಾನೂ ಬರ್ತೀನಿ," ಎಂದರು.

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಆ ಏರಿಗೆ. ಮುಂದಿನ ಸೀಟಲ್ಲಿ ಕೂರ್ತೀನಿ."

ಮಗ ಹೋದ ಮೇಲೆ ಅವರು ಆ ದಿಕ್ಕಿಗೆ ಕಾಲಿಟ್ಟಿರಲಿಲ್ಲ. "ಹೆದರಿಕೆ ಆಗಲ್ವಾ ಅತ್ತೆ?"

"ಆಗುತ್ತೆ. ನಿನಗಂತೂ ಆಗಲ್ಲ, ನಾನು ನೋಡ್ತಾ ಇಲ್ವಾ? ಆ ಕಾರಲ್ಲಿ ಒಬ್ಬರಿಗಾದ್ರೂ ಆಗಬೇಕು."

ಭಾನುವಾರವೂ ಕ್ವಾರಿಗೆ ರಜೆ ಇರಲಿಲ್ಲ. ಏರು ಶುರುವಾಗುವ ಕಡೆ ಒಂದು ಲಾರಿ ಸಿಕ್ಕಿತು. ಅತ್ತೆ ಚೀಲವನ್ನು ಎದೆಗೆ ಅವಚಿಕೊಂಡು, ಬೆಲ್ಟಿನ ಹೊಲಿಗೆಯನ್ನು ಒಮ್ಮೆ ಎಳೆದು ನೋಡಿ, ನೆಟ್ಟಗೆ ಕೂತಿದ್ದರು. ಮೊದಲ ನೇರ ರಸ್ತೆ ಬಂದಾಗ ನಾನು ಮೂರನೆಯ ಗೇರಿಗೆ ಇಳಿಸಿದೆ.

"ಬೇಡ," ಎಂದರು.

"ಜಾಗ ಇದೆ ಅತ್ತೆ."

"ಆಚೆ ಏನಿದೆ ಅಂತ ನನಗೆ ಕಾಣ್ತಿಲ್ಲ. ನಿನಗೆ ಕಾಣ್ತಿದೆಯಾ?"

ನೋಡಿದೆ. ತಿರುವಿನ ಒಳಗೆ ಮರಗಳ ನೆರಳು. ಅದರಲ್ಲಿ ಏನಾದರೂ ಇರಬಹುದಿತ್ತು, ಇಲ್ಲದೆಯೂ ಇರಬಹುದಿತ್ತು. ಲಾರಿಯ ಹಿಂದೆಯೇ ಉಳಿದೆ. ತಿರುವಿನಿಂದ ಏನೂ ಬರಲಿಲ್ಲ. "ಬರಲಿಲ್ಲ ನೋಡಿ," ಎಂದೆ.

"ಬರದೇ ಇದ್ದದ್ದು ನಮ್ಮ ಪುಣ್ಯ. ಹೋಗು ಸುಮ್ನೆ."

ಅವರ ಮಗ ಹೋದ ಜಾಗ ಮುಂದಿನ ನೇರ ರಸ್ತೆಯ ಕೊನೆಯಲ್ಲಿತ್ತು. ತಡೆಗೋಡೆಗೆ ಹೊಸ ಸಿಮೆಂಟು ಹಚ್ಚಿದ ಕಡೆ. ಅತ್ತೆಗೆ ಅದು ತಿಳಿದಿರಲಾರದು ಎಂದುಕೊಂಡಿದ್ದೆ. ಅವರು ಅಲ್ಲಿಯೇ ಕಣ್ಣಿಟ್ಟಿದ್ದರು. ಅದನ್ನು ಹಾದುಹೋದೆವು. ಲಾರಿ ಇನ್ನೂ ಮುಂದೆಯೇ ಇತ್ತು.

ಅದರಾಚೆ ರಸ್ತೆ ಅಗಲವಾಗಿ, ಗುಡ್ಡದ ಮೈಯನ್ನು ಬಳಸಿಕೊಂಡು, ಬಹುದೂರದ ತನಕ ಬರಿದಾಗಿ ಬಿದ್ದಿತ್ತು.

"ಈಗ?" ಎಂದು ನಾನೇ ಕೇಳಿದೆ.

ಅವರು ಕುತ್ತಿಗೆ ಚಾಚಿ ನೋಡಿದರು. ಹಿಂದೆಯೂ ತಿರುಗಿ ನೋಡಿದರು. ಚೀಲ ಗಟ್ಟಿಯಾಗಿ ಹಿಡಿದುಕೊಂಡರು. "ಈಗ."

ಹೊರಗೆ ಬಂದು ಒತ್ತಿದೆ. ಪೆಡಲ್ ನಾನು ಹಿಂದೆಂದೂ ಕಾಣದಷ್ಟು ಕೆಳಗೆ ಹೋಯಿತು. ಕಾರು ಒಮ್ಮೆ ಉಸಿರೆಳೆದುಕೊಂಡು ಮುಂದಕ್ಕೆ ಎದ್ದಿತು. ಲಾರಿಯ ಹಿಂದಿನ ಚಕ್ರ, ಡೀಸೆಲ್ ಟ್ಯಾಂಕು, ಡ್ರೈವರಿನ ಬಾಗಿಲು, ಕಿಟಕಿಯ ಮೇಲಿಟ್ಟ ಅವನ ಮೊಣಕೈ, ಎಲ್ಲ ಹಿಂದೆ ಸರಿದವು. ಕನ್ನಡಿಯಲ್ಲಿ ಅದರ ಎರಡು ದೀಪಗಳೂ ಕಂಡ ಮೇಲೆ ನನ್ನ ಸಾಲಿಗೆ ಬಂದೆ, ಕಾಲು ಸಡಿಲಿಸಿದೆ. ರಸ್ತೆ ಇನ್ನೂ ಮುಂದೆ ಬೇಕಾದಷ್ಟು ಉಳಿದಿತ್ತು.

"ಆಯ್ತಾ?" ಎಂದರು ಅತ್ತೆ.

"ಆಯ್ತು."

"ಇಷ್ಟೇನಾ?"

"ಇಷ್ಟೇ."

ಸ್ವಲ್ಪ ದೂರ ಹೋದ ಮೇಲೆ, ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದರು. "ಇಷ್ಟು ಸಾಲದೆ ಹೋಯ್ತಾ ಅವನಿಗೆ?"

ಹೌದು ಎಂದು ಒಂದು ವರ್ಷದಿಂದ ನನ್ನೊಳಗೆ ಸಿದ್ಧವಾಗಿ ಕೂತಿದ್ದ ಉತ್ತರ ಬಾಯಿಗೆ ಬರಲಿಲ್ಲ. "ಗೊತ್ತಿಲ್ಲ ಅತ್ತೆ," ಎಂದೆ. ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. ನಾನು ರಸ್ತೆ ನೋಡಿದೆ, ಅದು ನೀರಿನಲ್ಲಿ ತೇಲಿದ ಹಾಗೆ ಕಾಣಿಸಿತು. ವೇಗ ಇಳಿಸಿ, ಅಗಲವಾದ ಕಡೆ ಬದಿಗೆ ನಿಲ್ಲಿಸಿದೆ. ನಾವು ದಾಟಿದ್ದ ಲಾರಿ ನಿಧಾನವಾಗಿ ಬಂದು, ನಮ್ಮನ್ನು ದಾಟಿ, ಮುಂದೆ ಹೋಯಿತು.

"ನೋಡು, ದಾಟಿದ್ದೆಲ್ಲ ದಂಡ," ಎಂದರು ಅತ್ತೆ. ಮೂಗು ಕಟ್ಟಿದ ದನಿಯಲ್ಲಿ ಹೇಳಿದ್ದರಿಂದ ನಗು ಬಂತು. ಅವರಿಗೂ ಬಂತು.

ಆಮೇಲೆ ಆ ಲಾರಿಯನ್ನು ಇನ್ನೊಮ್ಮೆ ದಾಟಿದೆ.

ಪ್ರಯೋಗಾಲಯದ ಗೇಟಿಗೆ ಬೀಗ ಹಾಕಿತ್ತು. ಅತ್ತೆ ಇಳಿದು ಸರಳುಗಳ ನಡುವಿನಿಂದ ಒಳಗೆ ನೋಡಿದರು. ಕಟ್ಟಡ, ನೀರಿನ ಟ್ಯಾಂಕು, ಗಾಡಿ ನಿಲ್ಲಿಸುವ ಜಾಗ. ಒಂದು ಮರದ ಕಡೆ ಬೆರಳು ಮಾಡಿ, ಅದರ ಕೆಳಗೆ ನಿಲ್ಲಿಸಬೇಡ, ಹಕ್ಕಿಗಳು ಸೀಟಿನ ತನಕ ಹಾಳು ಮಾಡುತ್ತವೆ ಎಂದರು. ಕಿಟಕಿ ಮುಚ್ಚಿರುತ್ತೇನೆ ಎಂದೆ. ಮುಚ್ಚಿದರೂ ಬೇಡ ಎಂದರು.

ಹಿಂದಿರುಗುವಾಗ ಇಳಿಜಾರಿನಲ್ಲಿ ಕೇಳಿದರು, "ನಾಳೆ ಎಷ್ಟು ಹೊತ್ತಿಗೆ ಹೊರಡ್ತೀಯಾ?"

"ಏಳಕ್ಕೆ ಹೊರಟರೆ ಸಾಕು. ಈಗ ಕಾರು ಎಳೆಯುತ್ತಲ್ಲ."

"ಆರೂವರೆಗೆ ಹೊರಡು."

"ಯಾಕೆ?"

"ಎಲ್ಲ ಲಾರಿನೂ ದಾಟೋಕೆ ಆಗಲ್ಲ. ಕೆಲವದರ ಹಿಂದೆ ಹೋಗೋಕೂ ಹೊತ್ತು ಬೇಕಲ್ಲ."

"ಹೂಂ," ಎಂದೆ. "ಆರೂವರೆ."